ಫಿಲಿಪ್ಪೀನ್ಸ್ ಅಡುಗೆ: ಹಲಸು, ತೆಂಗು, ಹುಳಿ ನಮ್ಮದೇ, ಬಾಟಲಿ ಮಾತ್ರ ನೋಡಿ ತೆಗೆಯಿರಿ



ಹಡಗು ಕಂಪನಿಗಳ ಪಾರ್ಟಿ ಆರ್ಡರು ಮುಂಬಯಿಯ ನಮ್ಮಂಥವರಿಗೆ ಹೊಸತಲ್ಲ. ಹಡಗುಗಳಲ್ಲಿ ದುಡಿಯುವವರಲ್ಲಿ ನಮ್ಮ ದೇಶದವರ ಹಾಗೆ ಫಿಲಿಪ್ಪೀನ್ಸ್‌ನವರೂ ಬಹಳ ಮಂದಿ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಪಾರ್ಟಿಗೆ 60 ಜನರ ಊಟದ ಆರ್ಡರ್ ನನಗೆ ಬಂತು. ನಮ್ಮದು ಶುದ್ಧ ಸಸ್ಯಾಹಾರಿ ಕಿಚನ್. "ತರಕಾರಿಯದ್ದೇ ಸಾಕು, ಆದರೆ ಅವರ ಊರಿನ ಎರಡು ಐಟಮ್ ಇರಲಿ" ಎಂದು ಚೀಟಿ ಕಳಿಸಿದರು. ಮೊದಲನೆಯದು ಪಿನಕ್‌ಬೆಟ್. ಬದನೆ, ಬೆಂಡೆ, ಹಾಗಲ, ಅಲಸಂಡೆ, ಸಿಹಿಗುಂಬಳ ಸೇರಿಸಿ ಮಾಡುವ ಪದಾರ್ಥ. ಇದರಲ್ಲೇನು ಕಷ್ಟ ಎಂದು ಒಪ್ಪಿಕೊಂಡೆ. ಚೀಟಿಯಲ್ಲಿದ್ದ 'ಬಗೋಂಗ್' ಎಂಬುದನ್ನು ಫಾರಿನ್ ಸಾಮಾನಿನ ಅಂಗಡಿಯಿಂದ ತರಿಸಿದೆ. ಏನೋ ಚಟ್ನಿ ಇರಬೇಕೆಂದುಕೊಂಡಿದ್ದೆ.

ಮುಚ್ಚಳ ತೆಗೆದು ಹುಡುಗ ಒಂದು ಚಮಚ ಪಾತ್ರೆಗೆ ಹಾಕಿಯೂ ಆಗಿತ್ತು. ನಮ್ಮ ಕುಂದಾಪುರದ ಭಂಡಾರಿ ಓಡಿ ಬಂದು, "ಧಣಿ, ಕಾಣಿ, ಇದು ಒಣಮೀನಿನ ನಾತ" ಎಂದ. ಪಾತ್ರೆ ಸಮೇತ ಹೊರಗೆ ಹಾಕಿಸಿದೆ. ಆ ದಿನ ಉಣ್ಣುವವರಲ್ಲಿ ಜೈನರೂ ಇದ್ದರು. ಲೇಬಲ್ ಓದದ ತಪ್ಪು ನನ್ನದೇ.

ಬಗೋಂಗ್ ಎಂದರೆ ಸಣ್ಣ ಸಿಗಡಿ ಅಥವಾ ಸಣ್ಣ ಮೀನಿಗೆ ಉಪ್ಪು ಬೆರೆಸಿ ವಾರಗಟ್ಟಲೆ ಹುದುಗು ಬರಿಸಿದ್ದು. ಅದೇ ರೀತಿ ಹುದುಗಿದ ಮೀನಿನಿಂದ ಇಳಿಯುವ ರಸ ಪಾತಿಸ್. ಆ ದೇಶದಲ್ಲಿ ಇವೆರಡನ್ನೂ ಉಪ್ಪಿನ ಹಾಗೆ ಬಳಸುತ್ತಾರೆ. ಹಾಗಾಗಿ ಅವರು 'ತರಕಾರಿ' ಎಂದರೆ ತರಕಾರಿ ಹೆಚ್ಚು ಎಂದರ್ಥವೇ ಹೊರತು ನಮ್ಮ ಅರ್ಥದ ಸಸ್ಯಾಹಾರವಲ್ಲ. ಅವರು ಮೋಸ ಮಾಡುವುದಲ್ಲ, ಅಲ್ಲಿನ ಪದ್ಧತಿಯೇ ಹಾಗೆ. ಆರ್ಡರ್ ಹಿಡಿಯುವಾಗ ಈ ಎರಡು ಹೆಸರು ಹೇಳಿಯೇ ಕೇಳಿರಿ.

ಬಗೋಂಗ್ ಬಿಟ್ಟರೆ ಆ ಅಡುಗೆ ನಮ್ಮ ಕರಾವಳಿಯದ್ದಕ್ಕೆ ಬಹಳ ಹತ್ತಿರ. ಮುಖ್ಯವಾಗಿ ಹುಳಿ. ಸಿನಿಗಾಂಗ್ ಎಂಬುದು ಅವರ ಮನೆಮನೆಯ ಹುಳಿಸಾರು. ಮಾಮೂಲಾಗಿ ಮೀನು, ಹಂದಿಮಾಂಸ ಅಥವಾ ಸಿಗಡಿ ಹಾಕುತ್ತಾರೆ. ಹುಳಿಗೆ ಹುಣಸೆ, ಮಾವಿನಕಾಯಿ, ಪೇರಳೆ, ಇಲ್ಲವೇ ಕಮಿಯಾಸ್. ಕಮಿಯಾಸ್ ಎಂದರೆ ನಮ್ಮ ಹಿತ್ತಿಲ ಬಿಂಬುಳಿಯೇ! ಇಲೊಯಿಲೊ ಕಡೆ ಬತುವಾನ್ ಎಂಬ ಕಾಯಿ ಹಾಕುತ್ತಾರೆ, ಅದು ನಮ್ಮ ಪುನರ್ಪುಳಿಯ ಬಳಗದ್ದು. ನಾನು ಮೂಲಂಗಿ, ಬದನೆ, ಅಲಸಂಡೆ, ಟೊಮೆಟೊ ಹಾಕಿ ಹುಣಸೆಯಲ್ಲಿ ಮಾಡಿಸಿದೆ. ಬೇಳೆ ಬೇಡ, ಒಗ್ಗರಣೆ ಬೇಡ, ಸಾಂಬಾರ್ ಪುಡಿಯಂತೂ ಬೇಡವೇ ಬೇಡ. ನೀರಾಗಿರಬೇಕು, ಹುಳಿ ಮುಂದಿರಬೇಕು.

ಅಡೋಬೊ ಎಂಬುದು ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು, ಸೋಯಾ ಸಾಸ್ ಹಾಕಿ ಬೇಯಿಸುವ ಕ್ರಮ. ಹೆಸರು 1565ರಿಂದ 1898ರ ತನಕ ಅಲ್ಲಿ ಆಳಿದ ಸ್ಪೇನಿನವರದ್ದು, ಸೋಯಾ ಸಾಸ್ ಚೀನಾದವರಿಂದ ಬಂದದ್ದು, ವಿನೆಗರ್‌ನಲ್ಲಿ ಬೇಯಿಸುವುದು ಮಾತ್ರ ಅಲ್ಲಿನವರದ್ದೇ. ಫ್ರಿಜ್ ಇಲ್ಲದ ಕಾಲದಲ್ಲಿ ಸೆಕೆಯ ಊರಲ್ಲಿ ಮಾಂಸ ಹಾಳಾಗದಿರಲು ಅದೇ ಉಪಾಯ. ತೆಂಗಿನ ಶೇಂದಿಯ ವಿನೆಗರ್ ಗೋವಾ, ಮಂಗಳೂರಿನ ಕ್ರೈಸ್ತರ ಅಡುಗೆಯಲ್ಲೂ ಇದೆಯಲ್ಲ, ಅಂಥದ್ದೇ. ಅಲಸಂಡೆಯ ಅಡೋಬೊ ಅವರಲ್ಲೂ ಉಂಟು, ನಮ್ಮ ಕಿಚನ್‌ಗೆ ಸುಲಭ. ವಿನೆಗರ್ ಹಾಕಿದ ಮೇಲೆ ಒಂದು ಕುದಿ ಬರುವ ತನಕ ಸೌಟು ಆಡಿಸಬಾರದು ಎನ್ನುತ್ತಾರೆ.

ತೆಂಗಿನ ಹಾಲಿನ ಅಡುಗೆಗೆ ಅವರು ಗಿನಾತಾನ್ ಎನ್ನುತ್ತಾರೆ. ಎಳೆ ಹಲಸಿನ ಗುಜ್ಜೆ ಹೀಗೆ ಬೇಯಿಸಿದರೆ ನಮ್ಮ ಗಿರಾಕಿಗೂ ಹಿಡಿಸುತ್ತದೆ. ಬಿಕೋಲ್ ಪ್ರಾಂತ್ಯದ ಲಾಯಿಂಗ್ ಅಂದರೆ ಕೆಸುವಿನ ಎಲೆ. ನಾವು ತುರಿಕೆಗೆ ಹುಣಸೆ ಹಾಕುತ್ತೇವೆ, ಅವರು ಎಲೆ ಒಣಗಿಸಿ, ತೆಂಗಿನ ಹಾಲಿನಲ್ಲಿ ಬಹಳ ಹೊತ್ತು ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಅವಸರ ಮಾಡಿದರೆ ಗಂಟಲು ತುರಿಸುವುದು ಖಂಡಿತ. ಖಾರ ತಿನ್ನುವವರು ಆ ಪ್ರಾಂತ್ಯದವರೇ ಹೆಚ್ಚು, ಉಳಿದವರಿಗೆ ಮೆಣಸು ಕಡಿಮೆ ಇರಲಿ. ಲಾಯಿಂಗ್‌ಗೂ ಸಿಗಡಿ, ಹಂದಿಮಾಂಸ ಹಾಕುವ ವಾಡಿಕೆ ಇದೆ. ನಾವು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಉಪ್ಪಿನಲ್ಲಿ ಮುಗಿಸಿದೆವು. ಜೈನರಿಗೆ ಬೇರೆ ಒಲೆಯಲ್ಲಿ ನಮ್ಮ ಮಾಮೂಲಿ ಅಡುಗೆ.

ಆ ದಿನ ತಮಾಷೆ ಆದದ್ದು ಇಡ್ಲಿಯಿಂದ. ಒಬ್ಬ ನಾವಿಕ ಇಡ್ಲಿ ನೋಡಿ "ಪುತೋ!" ಎಂದು ಕೂಗಿ ಕಾಯಿತುರಿ, ಸಕ್ಕರೆ ಕೇಳಿದ. ಪುತೋ ಅವರ ಅಕ್ಕಿಯ ಹಬೆ ತಿಂಡಿ. ನೋಡಲು ಇಡ್ಲಿಯೇ, ರುಚಿ ಸಿಹಿ. ಸಾಂಬಾರ್ ಮುಟ್ಟದೆ ಆರು ಇಡ್ಲಿ ತಿಂದ.

ಸಿಹಿಗೆ ತುರೋನ್ ಮಾಡಿಸಬಹುದು. ಅಲ್ಲಿ ಸಾಬಾ ಎಂಬ ಬಾಳೆಹಣ್ಣು, ಇಲ್ಲಿ ನೇಂದ್ರ ನಡೆಯುತ್ತದೆ. ಉದ್ದಕ್ಕೆ ಸೀಳಿ, ಕಂದು ಸಕ್ಕರೆಯಲ್ಲಿ ಹೊರಳಿಸಿ, ಒಂದು ಎಸಳು ಹಲಸಿನ ತೊಳೆ ಇಟ್ಟು, ಸ್ಪ್ರಿಂಗ್ ರೋಲ್ ಪಟ್ಟಿಯಲ್ಲಿ ಸುತ್ತಿ ಕರಿಯುವುದು. ಮಳೆಗಾಲದಲ್ಲಾದರೆ ಹಣ್ಣಿನ ಕೌಂಟರಿಗೆ ರಂಬುಟಾನ್, ಮ್ಯಾಂಗೋಸ್ಟೀನ್ ಇಡಿ. ಎರಡೂ ಈಗ ದಕ್ಷಿಣ ಕನ್ನಡದ ತೋಟಗಳಲ್ಲೇ ಬೆಳೆಯುತ್ತವೆ. ಮ್ಯಾಂಗೋಸ್ಟೀನ್ ಸಹ ಪುನರ್ಪುಳಿಯ ಬಳಗವೇ, ಸಿಪ್ಪೆಯ ಬಣ್ಣ ಬಟ್ಟೆಗೆ ಹತ್ತಿದರೆ ಹೋಗದು, ಟೇಬಲಿಗೆ ಬಿಳಿ ಬಟ್ಟೆ ಹಾಕಬೇಡಿ. ದುರಿಯನ್ ಹಣ್ಣು ಯಾರೇ ಕೇಳಿದರೂ ಹಾಲ್‌ನೊಳಗೆ ಬೇಡ. ಅಲ್ಲಿನ ಎಷ್ಟೋ ಹೋಟೆಲುಗಳೇ ವಾಸನೆಗೆ ಹೆದರಿ ಅದನ್ನು ಒಳಗೆ ಬಿಡುವುದಿಲ್ಲ.