ಕಾರು ಒಬ್ಬರ ಹೆಸರಿನಲ್ಲಿ, ಚಾಲನೆ ಇನ್ನೊಬ್ಬರದು: ವಿಮೆಯ ರಕ್ಷಣೆ ಯಾರಿಗೆ?

ವ್ಯಾಪಾರಸ್ಥರ ಮನೆಗಳಲ್ಲಿ ಕಾರು ಒಬ್ಬರ ಹೆಸರಿನಲ್ಲಿದ್ದು, ಅದನ್ನು ಹಲವರು ಓಡಿಸುವುದು ವಾಡಿಕೆ. ಬೆಳಿಗ್ಗೆ ಮಗ ಗೋದಾಮಿಗೆ, ಮಧ್ಯಾಹ್ನ ಗುಮಾಸ್ತರು ಬ್ಯಾಂಕಿಗೆ, ಸಂಜೆ ಸೊಸೆ ಮಕ್ಕಳನ್ನು ಶಾಲೆಯಿಂದ ಕರೆತರಲು ಅದೇ ಕಾರನ್ನು ಒಯ್ಯುತ್ತಾರೆ. ಆಗ ಅಪಘಾತ ಸಂಭವಿಸಿದರೆ ವಿಮೆ ದೊರೆಯುವುದೇ ಎಂಬ ಸಂದೇಹ ಅನೇಕರಿಗಿದೆ.

ಭಾರತದಲ್ಲಿ ಮೋಟಾರು ವಿಮೆಯು ಮುಖ್ಯವಾಗಿ ವಾಹನವನ್ನು ಅನುಸರಿಸುತ್ತದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಚಾಲಕರ ಹೆಸರುಗಳನ್ನು ನಮೂದಿಸಬೇಕಾಗಿಲ್ಲ. ಮಾಲೀಕರ ಅನುಮತಿಯಿಂದ ಓಡಿಸುವವರು ಯಾರೇ ಆಗಿರಲಿ, ಅವರಲ್ಲಿ ಊರ್ಜಿತ ಚಾಲನಾ ಪರವಾನಗಿ ಇರಬೇಕು ಮತ್ತು ಅವರು ಅನರ್ಹಗೊಂಡಿರಬಾರದು, ಅಷ್ಟೇ. ಅನ್ಯರಿಗಾದ ಹಾನಿಯನ್ನೂ, ಸಮಗ್ರ ಪಾಲಿಸಿಯಿದ್ದಲ್ಲಿ ಕಾರಿನ ದುರಸ್ತಿಯನ್ನೂ ಕಂಪನಿ ಭರಿಸುತ್ತದೆ. ಕಾರಿಗೆ ಪೆಟ್ಟು ಮಾಡಿದವರು ಯಾರೇ ಆದರೂ, ದುರಸ್ತಿಗೆ ಕ್ಲೇಮು ಮಾಡಿದಾಗ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವವರು ಮಾತ್ರ ಪಾಲಿಸಿದಾರರೇ.

ಪರವಾನಗಿ ಇಲ್ಲದವರಿಗೆ ತಿಳಿದೂ ಕಾರು ಕೊಟ್ಟರೆ ಲೆಕ್ಕ ಬೇರೆ. ಸರ್ವೋಚ್ಚ ನ್ಯಾಯಾಲಯದ 2004ರ ಸ್ವರಣ್ ಸಿಂಗ್ ತೀರ್ಪಿನ ಅನ್ವಯ, ಕಂಪನಿಯು ಗಾಯಾಳುವಿಗೆ ಪರಿಹಾರ ನೀಡಿ, ಆ ಹಣವನ್ನು ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ. ಅಪ್ರಾಪ್ತ ವಯಸ್ಸಿನ ಮಗ ಓಡಿಸಿ ಅಪರಾಧವೆಸಗಿದರಂತೂ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂ. ದಂಡವಿದೆ, ವಾಹನದ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ.

ಇವೆಲ್ಲ ಸಾಮಾನ್ಯವಾಗಿ ತಿಳಿದಿರುವ ಸಂಗತಿಗಳು. ತಿಳಿಯದಿರುವುದು ಸ್ಟಿಯರಿಂಗ್ ಹಿಡಿದವರ ಸ್ವಂತ ಗತಿ. ತಮ್ಮದೇ ತಪ್ಪಿನಿಂದ ಅಪಘಾತಕ್ಕೀಡಾದ ಚಾಲಕರು ಮೂರನೆಯ ವ್ಯಕ್ತಿ ಎನಿಸಿಕೊಳ್ಳುವುದಿಲ್ಲ. ಮಾಲೀಕ-ಚಾಲಕರಿಗಾಗಿ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇದೆ. ಅದರ ಮೊತ್ತವನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ 15 ಲಕ್ಷ ರೂ.ಗಳಿಗೆ ಏರಿಸಿತು. ಆದರೆ ಇದು ನೋಂದಣಿ ಪುಸ್ತಕದಲ್ಲಿ ಹೆಸರಿರುವ, ಪರವಾನಗಿಯುಳ್ಳ ಮಾಲೀಕರಿಗೆ ಮಾತ್ರ. ತಂದೆಯ ಹೆಸರಿನ ಕಾರನ್ನು ಮಗ ಓಡಿಸಿ ಮೃತನಾದರೆ ಆ 15 ಲಕ್ಷ ದೊರೆಯದು. ಸವಕಳಿಯ ಅನುಕೂಲಕ್ಕೆಂದು ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿ ಕೊಂಡ ಕಾರಿಗೆ ಈ ರಕ್ಷಣೆಯೇ ಅನ್ವಯಿಸದು. ತೆರಿಗೆಯಲ್ಲಿ ಉಳಿದದ್ದನ್ನು ಲೆಕ್ಕ ಹಾಕುವವರು ಇದನ್ನು ಎಣಿಸುವುದು ಅಪರೂಪ.

ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಎರವಲು ಪಡೆದ ಮೋಟಾರು ಸೈಕಲ್ ಓಡಿಸಿ ಮೃತಪಟ್ಟವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆಂದೂ, ಅಂದು ಜಾರಿಯಲ್ಲಿದ್ದ 163ಎ ಕಲಮಿನಡಿ ಅವರ ವಾರಸುದಾರರು ಪರಿಹಾರ ಕೇಳುವಂತಿಲ್ಲವೆಂದೂ ಹೇಳಿತು. ಸ್ನೇಹಿತರ, ಬಂಧುಗಳ ವಾಹನ ಕೇಳಿ ಒಯ್ಯುವವರು ಇದನ್ನು ಗಮನಿಸಬೇಕು.

ಕಾರಿನಲ್ಲಿ ಕುಳಿತ ಮನೆಯವರಿಗೆ ಆಗುವ ಗಾಯಗಳ ಹೊಣೆಯನ್ನು ಸಮಗ್ರ ಪಾಲಿಸಿ ಒಳಗೊಳ್ಳುತ್ತದೆ. ಕೇವಲ ಕಾನೂನಿನ ಕನಿಷ್ಠ ಅಗತ್ಯಕ್ಕೆ ಮಾಡಿಸಿದ ಅಗ್ಗದ ಪಾಲಿಸಿ ಒಳಗೊಳ್ಳುವುದಿಲ್ಲ. ಖಾಸಗಿ ಕಾರನ್ನು ಬಾಡಿಗೆಗೆ ಬಿಡುವುದು ಪಾಲಿಸಿಯ ಹೊರಗಿನದು. ಮಾದರಿಗಳು ಮತ್ತು ಸ್ವಂತ ಲಗೇಜಿನ ಹೊರತು ಸರಕು ಸಾಗಿಸುವುದೂ ಹಾಗೆಯೇ. ಡಿಕ್ಕಿಯಲ್ಲಿ ನಾಲ್ಕು ಮೂಟೆ ಹಾಕಿ ಕಳುಹಿಸುವ ಅಂಗಡಿಯವರಿಗೆ ಈ ಷರತ್ತು ಬಹುಶಃ ಹೊಸದೆನಿಸಬಹುದು.

ಪರಿಹಾರಕ್ಕೆ ಹೆಚ್ಚು ಖರ್ಚೇನೂ ಇಲ್ಲ. ಸಂಬಳದ ಚಾಲಕರಿಗೆ ಒಂದು, ಕಾರು ಓಡಿಸುವ ಅಥವಾ ಅದರಲ್ಲಿ ಪ್ರಯಾಣಿಸುವ ಇತರ ನೌಕರರಿಗೆ ಇನ್ನೊಂದು, ಹೀಗೆ ಹೆಚ್ಚುವರಿ ಕಂತಿನ ಪ್ರತ್ಯೇಕ ಹಿಂಬರಹಗಳಿವೆ. ಚಾಲಕರ ಹಿಂಬರಹದ ಬಲದಿಂದ ಗುಮಾಸ್ತರಿಗೆ ರಕ್ಷಣೆ ಸಿಗದು. ಮಗ, ಸೊಸೆ, ಪಾಲುದಾರರ ಮಟ್ಟಿಗೆ ಪ್ರತಿಯೊಬ್ಬರ ಹೆಸರಿನಲ್ಲೂ ಬೇರೆಯೇ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸುವುದು ಲೇಸು. ಅದು ಕಾರು ಯಾರ ಹೆಸರಿನಲ್ಲಿದೆ ಎಂದು ಕೇಳುವುದಿಲ್ಲ.