ಕೆನ್ನೆಯೇಟೊಂದರ ತೀರ್ಪು

ಠಾಣೆಯಲ್ಲಿ ಬಿದ್ದ ಒಂದೇ ಒಂದು ಕೆನ್ನೆಯೇಟು ಮಾನವ ಹಕ್ಕಿನ ಪ್ರಶ್ನೆಯಾಗಬಲ್ಲುದೇ? 2003ರ ಡಿಸೆಂಬರ್ ಹಾಗೂ 2004ರ ಫೆಬ್ರವರಿಯಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಪೊಲೀಸರು ತಮ್ಮ ಕಪಾಳಕ್ಕೆ ಹೊಡೆದರೆಂದು ಇಬ್ಬರು ಸಹೋದರರು ದೂರಿದರು. ಅವರಲ್ಲೊಬ್ಬನಿಗೆ ಆಗ ಕೇವಲ 17 ವರ್ಷ. ಪೊಲೀಸರು ಅಲ್ಲಗಳೆದರು. ಸಹೋದರರ ಬಳಿ ಅಂದೇ ಪಡೆದ ವೈದ್ಯಕೀಯ ಪ್ರಮಾಣಪತ್ರಗಳಿದ್ದವು.

ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಪೀಠವೊಂದು 2013ರಲ್ಲಿ, ಏಟು ಬಿದ್ದುದು ನಿಜವೆಂದೇ ಭಾವಿಸಿದರೂ ಅದು ಹಕ್ಕಿನ ಉಲ್ಲಂಘನೆಯಾಗುವಷ್ಟು ಗಂಭೀರವಲ್ಲವೆಂದಿತು. ಆದರೆ 2015ರ ಸೆಪ್ಟೆಂಬರ್ 28ರಂದು ಅದೇ ನ್ಯಾಯಾಲಯದ ಮಹಾಪೀಠವು 14-3 ಬಹುಮತದಿಂದ ಭಿನ್ನವಾಗಿ ತೀರ್ಪಿತ್ತಿತು. ಪೊಲೀಸರ ವಶದಲ್ಲಿದ್ದವನ ಮೈಮೇಲಿನ ಗಾಯಕ್ಕೆ ವಿವರಣೆ ನೀಡುವ ಹೊಣೆ ಸರಕಾರದ್ದು. ಇಲ್ಲಿ ತೃಪ್ತಿಕರ ವಿವರಣೆ ದೊರೆಯಲಿಲ್ಲ. ಮುಖವು ಮನುಷ್ಯನ ವ್ಯಕ್ತಿತ್ವವನ್ನು ಪ್ರಕಟಿಸುವ ಅಂಗವಾದುದರಿಂದ ಕೆನ್ನೆಗೆ ಬಿದ್ದ ಏಟು ಅವನ ಘನತೆಗೇ ತಗಲುವುದೆಂದು ಮಹಾಪೀಠ ವಿವರಿಸಿತು. ಬೆಲ್ಜಿಯಂ ನಡೆಸಿದ ತನಿಖೆಯನ್ನೂ ಅದು ಅಸಮರ್ಪಕವೆಂದಿತು.

ಬಂಧಿತನು ಉದ್ಧಟನಾಗಿದ್ದಿರಬಹುದು, ಅಪರಾಧಿಯೂ ಆಗಿದ್ದಿರಬಹುದು. ಘನತೆಯು ಸನ್ನಡತೆಗೆ ದೊರೆಯುವ ಬಹುಮಾನವಾಗಿದ್ದರೆ ನಮ್ಮಲ್ಲಿ ಎಷ್ಟು ಮಂದಿಗೆ ಅದು ಉಳಿದೀತು? ಠಾಣೆಯ ಸುದ್ದಿಯನ್ನೋದಿ 'ಒಂದೇಟು ತಾನೇ' ಎನ್ನುವ ಮುನ್ನ, ಆ ಏಟಿಗೆ ನ್ಯಾಯ ದೊರೆಯಲು ಹಿಡಿದ ಸುಮಾರು ಹನ್ನೆರಡು ವರ್ಷಗಳನ್ನು ನಾವು ನೆನೆಯೋಣ.