ಸರಾಸರಿಯಲ್ಲಿ ಕಳೆದುಹೋದ ಗಮನ

ಒಂದು ಹಾಳೆ. ಅದರ ಮೇಲೆ ಕೆಂಪು, ನೀಲಿ, ಹಳದಿ, ಕಪ್ಪು, ಬೂದು ಬಣ್ಣಗಳ 150 ವೃತ್ತಗಳು. ಮಗು ಅವುಗಳಲ್ಲಿ ಹಳದಿ ಮತ್ತು ಕೆಂಪು ವೃತ್ತಗಳನ್ನಷ್ಟೇ ಹುಡುಕಿ, ಆದಷ್ಟು ಬೇಗ ಒಂದೊಂದನ್ನೇ ಹೊಡೆದುಹಾಕುತ್ತ ಹೋಗಬೇಕು. ನೀಲಿಯನ್ನು ಮುಟ್ಟಬಾರದು, ಹಳದಿಯನ್ನು ಬಿಡಬಾರದು. ಕೊನೆಯ ಸಾಲು ಮುಗಿದ ಮೇಲೆ ಒಟ್ಟು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುತ್ತಾರೆ. 1974ರಲ್ಲಿ ಮಾಳವಿಕಾ ಕಪೂರ್ ರೂಪಿಸಿದ ಪರೀಕ್ಷೆ ಇದು. ಮೂವತ್ತು ವರ್ಷಗಳ ನಂತರ, 2004ರಲ್ಲಿ, ಭೂಮಿಕಾ ಕರ್, ಶೋಭಿನಿ ರಾವ್ ಮತ್ತು ಸಂಗಡಿಗರು 5ರಿಂದ 15 ವರ್ಷದ ಮಕ್ಕಳಿಗಾಗಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನಲ್ಲಿ ಸಿದ್ಧಪಡಿಸಿದ ಪರೀಕ್ಷಾಮಾಲೆಯಲ್ಲೂ ಇದಕ್ಕೆ ಜಾಗ ಸಿಕ್ಕಿತು. ಹಾಳೆ ಮತ್ತು ಪೆನ್ಸಿಲ್ ಇದ್ದರೆ ಸಾಕು, ಭಾಷೆಯ ಹಂಗಿಲ್ಲ, ಓದು ಬಾರದ ಮಗುವಿಗೂ ಕೊಡಬಹುದು. ಹಾಗಾಗಿ ನಮ್ಮ ಊರಿಗೆ ಒಪ್ಪುವ ಒಳ್ಳೆಯ ಸಾಧನ ಇದು. ಆದರೂ ಇಂಥ ಪರೀಕ್ಷೆಗಳು ಕೊನೆಗೆ ಕೊಡುವ ಆ ಒಂದೇ ಅಂಕಿಯ ಬಗ್ಗೆ ಯೋಚಿಸಬೇಕಾದದ್ದಿದೆ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವವರ ಗಮನದ ಕುರಿತು ನೂರಿಪ್ಪತ್ತು ವರ್ಷಗಳಲ್ಲಿ ನಡೆದ ಸಂಶೋಧನೆ ತನ್ನ ಬಹುಪಾಲು ಆಯುಸ್ಸನ್ನು ಇಂಥ ಒಂದೇ ಅಂಕಿಯ ಹಿಂದೆ ಕಳೆಯಿತು. ಅಂಕಿ ಮುಚ್ಚಿಟ್ಟದ್ದನ್ನು ಕಾಣತೊಡಗಿದ್ದು ತೀರ ಈಚೆಗೆ.

ಶುರುವಿನಲ್ಲಿ ಗಮನದ ಮಾತೇ ಮುಖ್ಯವಾಗಿರಲಿಲ್ಲ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಸರಣಿ ಉಪನ್ಯಾಸ ಕೊಟ್ಟಾಗ, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾಗದ ಮಕ್ಕಳ ಬಗ್ಗೆ ಹೇಳಿದರು. ಅವರ ಪ್ರಕಾರ ಕೊರತೆ ಇದ್ದದ್ದು ನೈತಿಕ ಹಿಡಿತದಲ್ಲಿ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಒಂದು ವಾರ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧ ಕೊಟ್ಟು ನೋಡಿದರು. ಅವರಲ್ಲಿ 14 ಮಕ್ಕಳ ಶಾಲೆಯ ಕೆಲಸ ಎದ್ದುಕಾಣುವಂತೆ ಸುಧಾರಿಸಿತು, ಗಲಾಟೆ ತಗ್ಗಿತು. ಉತ್ತೇಜಕ ಔಷಧದಿಂದ ಮಗು ಶಾಂತವಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹೇಳುವ ಸ್ಥಿತಿಯಲ್ಲಿ ಆಗಿನ ವೈದ್ಯಶಾಸ್ತ್ರ ಇರಲಿಲ್ಲ.

ಗಮನವನ್ನು ಅಳೆಯುವ ವಿದ್ಯೆ ಬೆಳೆದದ್ದು ಬೇರೆಯೇ ದಾರಿಯಲ್ಲಿ, ಯುದ್ಧದ ಒತ್ತಡದಲ್ಲಿ. ರಾಡಾರ್ ಪರದೆಯ ಮುಂದೆ ಗಂಟೆಗಟ್ಟಲೆ ಕೂರುವ ಸೈನಿಕರ ಕಣ್ಣಿಗೆ ಶತ್ರುವಿನ ಸುಳಿವು ಏಕೆ ತಪ್ಪಿಹೋಗುತ್ತದೆ ಎಂದು ತಿಳಿಯಲು ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿಸಿದರು. ಅದರ ಮುಳ್ಳು ಸೆಕೆಂಡಿಗೊಮ್ಮೆ ಒಂದೊಂದೇ ಹೆಜ್ಜೆ ಸರಿಯುತ್ತ, ಎಲ್ಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತಿತ್ತು. ಜಿಗಿದಾಗ ಮಾತ್ರ ಗುಂಡಿ ಒತ್ತಬೇಕು. ಎರಡು ಗಂಟೆಯ ಈ ಕಾವಲಿನಲ್ಲಿ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಆರೋಗ್ಯವಂತ ಯುವಕರೂ ಎಡವತೊಡಗಿದರು. ಇದು ಅಚ್ಚಾದದ್ದು 1948ರಲ್ಲಿ. 1956ರಲ್ಲಿ ಅಮೆರಿಕದ ರೋಸ್‌ವೋಲ್ಡ್ ಮತ್ತು ಸಂಗಡಿಗರು ಇದೇ ಜಾತಿಯ ಇನ್ನೊಂದು ಪರೀಕ್ಷೆ ತಂದರು: ಒಂದಾದ ಮೇಲೊಂದು ಅಕ್ಷರ ಬರುತ್ತಿರುತ್ತದೆ, ಗೊತ್ತುಮಾಡಿದ ಅಕ್ಷರ ಬಂದಾಗ ಒತ್ತಬೇಕು. ಮಿದುಳಿಗೆ ಪೆಟ್ಟು ಬಿದ್ದವರಿಗಾಗಿ ಹುಟ್ಟಿದ ಈ ಪರೀಕ್ಷೆಯನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವರ್ಜೀನಿಯಾ ಡಗ್ಲಸ್ ಚಡಪಡಿಕೆಯ ಮಕ್ಕಳಿಗೆ ಕೊಟ್ಟರು. ಈ ಮಕ್ಕಳ ತೊಡಕು ಓಡಾಟಕ್ಕಿಂತ ಹೆಚ್ಚಾಗಿ ಗಮನವನ್ನು ಉಳಿಸಿಕೊಳ್ಳುವುದರಲ್ಲಿ, ದುಡುಕನ್ನು ತಡೆಯುವುದರಲ್ಲಿ ಇದೆ ಎಂದು 1972ರಲ್ಲಿ ಅವರು ವಾದಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಈ ಸ್ಥಿತಿಯ ಹೆಸರನ್ನೇ ಬದಲಿಸಿ ಗಮನವನ್ನು ಮುಂದಕ್ಕೆ ತಂದಿತು. ಡಗ್ಲಸ್ ಹೇಳಿದ್ದು ಸರಿ. ಆದರೆ ಅವರ ಹಿಂದೆ ಬಂದವರು ಅದನ್ನು ಅಳತೆಯ ಮಾತಾಗಿ ತೆಗೆದುಕೊಂಡರು: ಇಂಥ ಮಗುವಿನಲ್ಲಿ ಗಮನ ಇಷ್ಟು ಕಮ್ಮಿ, ಅಂಥ ಮಗುವಿನಲ್ಲಿ ಇಷ್ಟು.

ಈ ಎಣಿಕೆಯಲ್ಲಿ ತಪ್ಪಿಹೋಗುವುದು ಏನೆಂದು ಒಂದು ಲೆಕ್ಕ ಮಾಡಿ ನೋಡೋಣ. ಪರದೆಯ ಮೇಲೆ ಗುರುತು ಬಂದಾಗಲೆಲ್ಲ ಗುಂಡಿ ಒತ್ತುವ ಇಬ್ಬರು ಮಕ್ಕಳು ಎಂದಿಟ್ಟುಕೊಳ್ಳಿ. ಮೊದಲನೆಯ ಮಗು ಹತ್ತು ಸಲವೂ 0.6 ಸೆಕೆಂಡಿನಲ್ಲಿ ಒತ್ತುತ್ತದೆ. ಎರಡನೆಯದು ಎಂಟು ಸಲ 0.4 ಸೆಕೆಂಡಿನಲ್ಲಿ ಒತ್ತಿ, ಎರಡು ಸಲ 1.4 ಸೆಕೆಂಡ್ ತೆಗೆದುಕೊಳ್ಳುತ್ತದೆ. ಇಬ್ಬರ ಸರಾಸರಿಯೂ ಕರಾರುವಾಕ್ಕಾಗಿ 0.6. ಸರಾಸರಿಯನ್ನಷ್ಟೇ ನೋಡಿದವರಿಗೆ ಇಬ್ಬರೂ ಒಂದೇ. ಆದರೆ ಎರಡನೆಯ ಮಗು ಹತ್ತರಲ್ಲಿ ಎಂಟು ಸಲ ಮೊದಲನೆಯದಕ್ಕಿಂತ ಚುರುಕು, ಎರಡು ಸಲ ಮಾತ್ರ ಅಲ್ಲೇ ಇದ್ದೂ ಇಲ್ಲದಂತೆ. ತರಗತಿಯಲ್ಲಿ ಮೇಷ್ಟ್ರು ಲೆಕ್ಕದ ಮೂರನೇ ಹೆಜ್ಜೆ ಹೇಳುವಾಗ ಈ ಎರಡರಲ್ಲೊಂದು ಗಳಿಗೆ ಬಂದರೆ ಮುಂದಿನ ಹೆಜ್ಜೆಗಳೆಲ್ಲ ಮಗುವಿಗೆ ಅರ್ಥವಾಗದೆ ಉಳಿಯುತ್ತವೆ. 2000ದಲ್ಲಿ ಲೆತ್-ಸ್ಟೀನ್ಸನ್, ಎಲ್ಬಾಜ್ ಮತ್ತು ಅದೇ ವರ್ಜೀನಿಯಾ ಡಗ್ಲಸ್ ಸರಾಸರಿಯನ್ನು ಬಿಡಿಸಿ ನೋಡಿದಾಗ ಕಂಡದ್ದು ಬಹುಮಟ್ಟಿಗೆ ಇದೇ: ಎಡಿಎಚ್‌ಡಿ ಇರುವ ಮಕ್ಕಳನ್ನು ಬೇರೆಯಾಗಿಸಿದ್ದು ಅಲ್ಲೊಂದು ಇಲ್ಲೊಂದು ಬರುವ ತೀರ ತಡವಾದ ಪ್ರತಿಕ್ರಿಯೆಗಳು. 2013ರಲ್ಲಿ ಕೋಫ್ಲರ್ ಮತ್ತು ಸಂಗಡಿಗರು 319 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಈ ಏರುಪೇರು ಗಟ್ಟಿಯಾಗಿ ನಿಂತಿತು. ಸುಮಾರು ಮೂವತ್ತು ವರ್ಷಗಳ ಕೆಳಗೆ ತಾವೇ ಕಟ್ಟಿದ ವಾದವನ್ನು ಡಗ್ಲಸ್ ಹೊಸ ಲೆಕ್ಕಕ್ಕೆ ಒಡ್ಡಿದರು ಎಂಬುದು ನನಗೆ ಈ ಇತಿಹಾಸದಲ್ಲೇ ಅತ್ಯಂತ ಗೌರವ ಹುಟ್ಟಿಸುವ ಸಂಗತಿ.

ಗಮನ ಎಂಬುದು ಒಂದೇ ವಸ್ತುವಲ್ಲ ಎನ್ನುವುದಕ್ಕೆ ಇನ್ನೊಂದು ಪುರಾವೆ ನಮ್ಮ ಉತ್ತರ ಬೆಂಗಳೂರಿನ ಅಂಚಿನಲ್ಲೇ ಇದೆ. ಯಶವಂತಪುರದಿಂದ ಸಿ.ವಿ. ರಾಮನ್ ರಸ್ತೆ ಹಿಡಿದರೆ ಸಿಗುವ, ಊರವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವಿದೆ. ಅಲ್ಲಿ ವರ್ಷಾ ಶ್ರೀನಿವಾಸನ್ ಮತ್ತು ಶ್ರೀಧರನ್ ದೇವರಾಜನ್ ನಡೆಸಿದ ಅಧ್ಯಯನ 2019ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಭಾಗವಹಿಸಿದವರ ಕಣ್ಣು ಪರದೆಯ ನಡುವೆ ನೆಟ್ಟಿರಬೇಕು, ಗಮನ ಮಾತ್ರ ಸೂಚನೆ ಸಿಕ್ಕ ಬದಿಗೆ ಹೋಗಬೇಕು, ಅಲ್ಲಿನ ಚಿತ್ರ ತುಸು ಬದಲಾಯಿತೇ ಎಂದು ಹೇಳಬೇಕು. ಸೂಚನೆಯಿದ್ದ ಬದಿಯಲ್ಲಿ ಉತ್ತರ ಚೆನ್ನಾಗಿ ಬಂದರೆ ಅದಕ್ಕೆ ಎರಡು ಕಾರಣ ಇರಬಹುದು. ಅಲ್ಲಿನದು ನಿಜಕ್ಕೂ ಹೆಚ್ಚು ಸ್ಪಷ್ಟವಾಗಿ ಕಂಡಿರಬಹುದು. ಇಲ್ಲವೇ ಕಂಡದ್ದು ಅಷ್ಟೇ ಆದರೂ, ತೀರ್ಮಾನ ಮಾಡುವಾಗ ಮನಸ್ಸು ಆ ಬದಿಗೆ ಹೆಚ್ಚು ತೂಕ ಕೊಟ್ಟಿರಬಹುದು. ನಡುಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಪುಟ್ಟ ಭಾಗ ಮಿದುಳಿನ ಹೊರಪದರದೊಂದಿಗೆ ಬೆಸೆದುಕೊಂಡಿರುವ ರೀತಿಗೂ ಈ ಎರಡನೆಯ ಗುಣಕ್ಕೂ ನಂಟು ಕಂಡಿತು, ಮೊದಲನೆಯದಕ್ಕೆ ಕಾಣಲಿಲ್ಲ. ಇದು ಎಡಿಎಚ್‌ಡಿ ಇಲ್ಲದ ಆರೋಗ್ಯವಂತರ ಮೇಲಿನ ಅಧ್ಯಯನ, ಇದರಿಂದ ರೋಗನಿರ್ಣಯಕ್ಕೆ ನೇರ ದಾರಿ ತೆರೆಯಲಿಲ್ಲ. ಆದರೆ ಹೊರಗಿನಿಂದ ಒಂದೇ ಅಂಕವಾಗಿ ಕಾಣುವುದರೊಳಗೆ ಬಿಡಿಬಿಡಿಯಾದ ಎರಡು ಕೆಲಸಗಳು ನಡೆಯುತ್ತವೆ ಎಂದು ತೋರಿಸಿದ್ದೇ ದೊಡ್ಡದು. ಕಾಣುವುದರಲ್ಲಿ ಕುಂದಿಲ್ಲದೆ, ಕಂಡದ್ದಕ್ಕೆ ಕೊಡುವ ತೂಕದಲ್ಲಷ್ಟೇ ವ್ಯತ್ಯಾಸವಿರಲು ಸಾಧ್ಯ ಎಂದಾದ ಮೇಲೆ, ಗಮನ ಎಷ್ಟಿದೆ ಎಂಬ ಪ್ರಶ್ನೆಯೇ ಸಾಲದಾಗುತ್ತದೆ.

ಇಷ್ಟು ಹೇಳಿದಾಗ ಎದುರಾಗುವ ಮೊದಲ ಆಕ್ಷೇಪ ಮನೆಮನೆಯದು. ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲುಗಾಡದೆ ಕೂರುತ್ತಾನೆ, ಪುಸ್ತಕ ಕೊಟ್ಟರೆ ಐದು ನಿಮಿಷಕ್ಕೇ ಏಳುತ್ತಾನೆ. ಇದು ಸೋಮಾರಿತನ ಅಲ್ಲದೆ ಇನ್ನೇನು? ಗಮನ ಕಡಿಮೆಯಿದೆ ಎನ್ನುವವರು ಈ ಪ್ರಶ್ನೆಗೆ ತಡಬಡಾಯಿಸುತ್ತಾರೆ. ಗಮನ ಏರುಪೇರಾಗುತ್ತದೆ ಎನ್ನುವವರಿಗೆ ಆ ಕಷ್ಟವಿಲ್ಲ. ಆಟದಲ್ಲಿ ಗಳಿಗೆಗೊಂದು ಫಲ ಕೈಗೆ ಸಿಗುತ್ತದೆ, ಪಾಠದ ಫಲ ತಿಂಗಳುಗಳಾಚೆ. 1992ರಲ್ಲಿ ಎಡ್ಮಂಡ್ ಸೊನೂಗಾ-ಬಾರ್ಕ್ ಮತ್ತು ಸಂಗಡಿಗರು ಇಂಥ ಮಕ್ಕಳಿಗೆ ಕಾಯುವುದೇ ಕಷ್ಟ ಎಂದು ಪ್ರಯೋಗದಲ್ಲಿ ತೋರಿಸಿದರು. 2009ರಲ್ಲಿ ನೋರಾ ವೋಲ್ಕೊವ್ ತಂಡ, ಔಷಧ ತೆಗೆದುಕೊಳ್ಳದ 53 ಎಡಿಎಚ್‌ಡಿ ವಯಸ್ಕರ ಮಿದುಳನ್ನು ಇತರ 44 ಜನರೊಂದಿಗೆ ಹೋಲಿಸಿ, ಫಲದ ಹಂಬಲಕ್ಕೆ ಸಂಬಂಧಿಸಿದ ಡೋಪಮಿನ್ ದಾರಿಯಲ್ಲಿ ವ್ಯತ್ಯಾಸ ಕಂಡಿತು. ಇನ್ನು ಇದೆಲ್ಲ ಮೊಬೈಲಿನಿಂದಲೇ ಬಂದದ್ದು ಎನ್ನುವವರು ಸ್ಟಿಲ್ ಮತ್ತು ಬ್ರಾಡ್ಲಿಯ ಇಸವಿಗಳನ್ನು ನೆನೆಯಬೇಕು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ಸ್ಥಿತಿಯಲ್ಲಿ ಕಾಣುವ ವ್ಯತ್ಯಾಸದ ಮುಕ್ಕಾಲು ಪಾಲು ಆನುವಂಶಿಕ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ಎತ್ತಿದ್ದು ಕೋಫ್ಲರ್ ಅವರ ಲೆಕ್ಕವೇ. ಬೇರೆ ಮಾನಸಿಕ ತೊಂದರೆ ಇರುವ ಮಕ್ಕಳೊಂದಿಗೆ ಹೋಲಿಸಿದಾಗ ಎಡಿಎಚ್‌ಡಿ ಮಕ್ಕಳ ಏರುಪೇರು ವಿಶೇಷವಾಗಿ ಎದ್ದು ನಿಲ್ಲಲಿಲ್ಲ. ಹಾಗಾದರೆ ಇದನ್ನು ಎಡಿಎಚ್‌ಡಿಯ ಮುದ್ರೆ ಎನ್ನಲಾಗದು, ನಿಜ. ನನ್ನ ವಾದಕ್ಕೆ ಅದು ಮುದ್ರೆಯಾಗಬೇಕಿಲ್ಲ. ಜ್ವರ ಹತ್ತು ಕಾಯಿಲೆಗಳಲ್ಲಿ ಬಂದರೂ ಥರ್ಮಾಮೀಟರನ್ನು ಯಾರೂ ಎಸೆಯುವುದಿಲ್ಲ. ಏರುಪೇರು ಹೇಳುವುದು ಕಾಯಿಲೆಯ ಹೆಸರನ್ನಲ್ಲ, ಮಗು ದಿನವಿಡೀ ಎದುರಿಸುವ ಕಷ್ಟದ ಸ್ವರೂಪವನ್ನು. ಅದೇ ಲೆಕ್ಕದಲ್ಲಿ ಉತ್ತೇಜಕ ಔಷಧ ಈ ಏರುಪೇರನ್ನು ಚೆನ್ನಾಗಿ ತಗ್ಗಿಸಿತು, ಬರೀ ಮನೋಸಾಮಾಜಿಕ ತರಬೇತಿ ಹೆಚ್ಚೇನೂ ತಗ್ಗಿಸಲಿಲ್ಲ. ಔಷಧವೆಂದರೆ ಹೆದರುವ ತಂದೆತಾಯಂದಿರು ಇದನ್ನು ವೈದ್ಯರೊಂದಿಗೆ ಕೂತು ಮಾತಾಡುವುದು ಒಳ್ಳೆಯದು.

ಪರೀಕ್ಷೆಯ ಅಂಕಕ್ಕೂ ಬದುಕಿಗೂ ನಡುವೆ ಇರುವ ಅಂತರ ಇನ್ನೂ ದೊಡ್ಡದು. 2013ರಲ್ಲಿ ಟೋಪ್ಲಾಕ್, ವೆಸ್ಟ್ ಮತ್ತು ಸ್ಟ್ಯಾನೊವಿಚ್ 20 ಅಧ್ಯಯನಗಳನ್ನು ನೋಡಿ, ಯೋಚನೆಯ ಹಿಡಿತವನ್ನು ಅಳೆಯುವ ಪರೀಕ್ಷೆಗಳ ಅಂಕಕ್ಕೂ ಮನೆಯವರು, ಶಿಕ್ಷಕರು ತುಂಬುವ ಪ್ರಶ್ನಾವಳಿಗೂ ಹೊಂದಿಕೆ ಬರೀ 0.19ರ ಆಸುಪಾಸು ಎಂದರು; ಪೂರ್ತಿ ಹೊಂದಿದ್ದರೆ ಅದು 1 ಆಗಬೇಕಿತ್ತು. ಸದ್ದಿಲ್ಲದ ಕೋಣೆ, ಎದುರಿಗೊಬ್ಬರೇ ದೊಡ್ಡವರು, ಚಿಕ್ಕದೊಂದು ಕೆಲಸ: ಇಂಥ ಕಡೆ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಮಾಡುತ್ತಾರೆ. ಯಲಹಂಕದ ಅಥವಾ ಆರ್.ಟಿ. ನಗರದ ತುಂಬಿದ ತರಗತಿಯಲ್ಲಿ, ಕಿಟಕಿಯಾಚೆ ಹಾರ್ನ್ ಕೇಳುತ್ತಿರುವಾಗ ಅದೇ ಮಗು ಹೇಗಿರುತ್ತದೆ ಎಂದು ಆ ಅಂಕ ಹೇಳದು. ಆದ್ದರಿಂದಲೇ ನಿರ್ಣಯ ನಿಂತಿರುವುದು ಒಂದಕ್ಕಿಂತ ಹೆಚ್ಚು ಕಡೆ, ತಿಂಗಳುಗಟ್ಟಲೆ, 12ನೇ ವಯಸ್ಸಿಗೆ ಮೊದಲೇ ಲಕ್ಷಣ ಕಂಡಿತೇ ಎಂಬ ವಿಚಾರಣೆಯ ಮೇಲೆ. ಒಂದು ಪರೀಕ್ಷೆಯಲ್ಲಿ ಪಾಸಾದ ಮಗುವಿಗೆ ಏನೂ ಆಗಿಲ್ಲ ಎಂದು ಕಳಿಸುವುದೂ ಅನ್ಯಾಯ, ಫೇಲಾದ ಮಗುವಿಗೆ ಅದೊಂದರಿಂದಲೇ ಹಣೆಪಟ್ಟಿ ಹಚ್ಚುವುದೂ ಅನ್ಯಾಯ.

2005ರಲ್ಲಿ ಶೋಭಾ ಶ್ರೀನಾಥ್, ಸತೀಶ್ ಗಿರಿಮಾಜಿ ಮತ್ತು ನಿಮ್ಹಾನ್ಸ್‌ನ ಸಹೋದ್ಯೋಗಿಗಳು ಪ್ರಕಟಿಸಿದ ಸಮೀಕ್ಷೆ ಬೆಂಗಳೂರಿನ ಕೊಳೆಗೇರಿ, ಮಧ್ಯಮವರ್ಗದ ಬಡಾವಣೆ ಮತ್ತು ಹಳ್ಳಿಗಳ 2,064 ಮಕ್ಕಳನ್ನು ನೋಡಿ, ಶೇ 12.5ರಷ್ಟು ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದಿತ್ತು; ಎಡಿಎಚ್‌ಡಿ ಅವುಗಳಲ್ಲಿ ಒಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಸ್ಥಿತಿಗಳನ್ನು ಹೆಸರಿಸುತ್ತದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿದೆ, ಎಡಿಎಚ್‌ಡಿಯ ಹೆಸರಿಲ್ಲ. ಅದನ್ನು ಸೇರಿಸಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಸೇರಿಸುವಾಗ ಕೊಡುವ ನೆರವು ಯಾವ ಬಗೆಯದು ಎಂದೂ ಕೇಳಬೇಕು. ಪರೀಕ್ಷಾ ಕೊಠಡಿಯಲ್ಲಿ ನಿಧಾನವಾಗಿ ಬರೆಯುವ ಮಗುವಿಗೆ ಹೆಚ್ಚಿನ ಸಮಯ ಬೇಕು. ಗಮನ ಏರಿಳಿಯುವ ಮಗುವನ್ನು ಇನ್ನೂ ಒಂದು ಗಂಟೆ ಕೂರಿಸಿದರೆ ತಪ್ಪಿಹೋಗುವ ಗಳಿಗೆಗಳೂ ಹೆಚ್ಚಬಹುದು. ಅದಕ್ಕೆ ನಡುನಡುವೆ ಐದು ನಿಮಿಷದ ಬಿಡುವು, ಎದ್ದು ಓಡಾಡಲು ಅನುಮತಿ, ಗಲಾಟೆಯಿಲ್ಲದ ಬೇರೆ ಕೋಣೆ ಇವು ಹೆಚ್ಚು ಉಪಯೋಗಕ್ಕೆ ಬರಬಹುದು. ಇವನ್ನು ಪ್ರಯತ್ನಿಸಿ ನೋಡಲು ಶಾಲೆಯ ಕಿರುಪರೀಕ್ಷೆಗಳೇ ಸಾಕು, ಕಾಯ್ದೆಯ ತಿದ್ದುಪಡಿಗೆ ಕಾಯಬೇಕಿಲ್ಲ.